ನೀರಿನ ನೂಕುಬಲವೂ ಒಡ್ಡಿನ ಬುಡವೂ

ಗದಗ ಜಿಲ್ಲೆಯ ಮುಶಿಗೇರಿ ಮೊದಲಾದ ರೋಣ, ಗಜೇಂದ್ರಗಡ ಸೀಮೆಯ ಗ್ರಾಮಗಳಲ್ಲಿ ಮಳೆಯು ಕಡಿಮೆ. ಬಂದಾಗಲೂ ಕೆಲವೇ ಗಳಿಗೆಗಳಲ್ಲಿ ಬಿರುಸಾಗಿ ಸುರಿದು ಹೋಗುವುದುಂಟು. ಆ ನೀರನ್ನು ಹಿಡಿದು ನಿಲ್ಲಿಸತಕ್ಕವು ಹೊಲದ ಒಡ್ಡು, ಕೃಷಿಹೊಂಡದ ದಂಡೆ, ಊರ ಕೆರೆಯ ಏರಿ. ಒಡ್ಡು ಒಡೆದರೆ ನೀರೊಂದೇ ಅಲ್ಲ, ಕೆಳಗಿನ ಹೊಲದ ಬೆಳೆಯೂ ಮೇಲ್ಮಣ್ಣೂ ಕೊಚ್ಚಿಹೋಗುವುವು. ಆದುದರಿಂದ ನಿಂತ ನೀರು ಒಡ್ಡನ್ನು ಎಷ್ಟು ಬಲದಿಂದ ನೂಕುವುದೆಂಬುದನ್ನು ಭೂಮಾಲೀಕರೂ ಊರ ಹಿರಿಯರೂ ಅರಿತಿರುವುದು ಅವಶ್ಯ.

ವಿಸ್ತಾರವಾದ ಕೆರೆಯ ನೀರು ಏರಿಯನ್ನು ಹೆಚ್ಚು ನೂಕುವುದೆಂದೂ ಚಿಕ್ಕ ಹೊಂಡದ ನೀರು ಅಷ್ಟು ನೂಕದೆಂದೂ ಅನೇಕರ ತಿಳಿವಳಿಕೆ. ಇದು ಸರಿಯಲ್ಲ. ನಿಂತ ನೀರಿನ ಒತ್ತಡವು ಅದರ ಆಳವನ್ನು ಅನುಸರಿಸುತ್ತದೆಯೇ ಹೊರತು ಹರವನ್ನಲ್ಲ. ನೀರು ಹಿಂದಕ್ಕೆ ಹತ್ತು ಮಾರು ಹರಡಿರಲಿ, ಹರದಾರಿಯೇ ಹರಡಿರಲಿ, ಆಳವು ಸಮನಾಗಿದ್ದರೆ ಒತ್ತಡವೂ ಸಮ. ಸೈಮನ್ ಸ್ಟೆವಿನ್ ಎಂಬ ಪಂಡಿತನು 1586ರಲ್ಲಿ ಡಚ್ ಭಾಷೆಯ ತನ್ನ ಗ್ರಂಥದಲ್ಲಿ ಇದನ್ನು ವಿವರಿಸಿದನು. ಮನೆಯಲ್ಲಿಯೂ ನೋಡಬಹುದು: ತಗಡಿನ ಡಬ್ಬಿಯ ಪಕ್ಕಕ್ಕೆ ಮೇಲೊಂದು, ನಡುವೊಂದು, ಬುಡದಲ್ಲೊಂದು ಸಮನಾದ ತೂತು ಕೊರೆದು ನೀರು ತುಂಬಿದರೆ ಬುಡದ ತೂತಿನಿಂದಲೇ ನೀರು ಅತಿ ರಭಸದಿಂದ ಚಿಮ್ಮುವುದು. ದೊಡ್ಡ ಕೆರೆಗೆ ಬೇರೊಂದು ಭಯವಿದೆ. ಹರವಾದ ನೀರಿನ ಮೇಲೆ ಗಾಳಿಯು ದೊಡ್ಡ ಅಲೆಗಳನ್ನೆಬ್ಬಿಸಿ ಏರಿಯ ಮೈಯನ್ನು ಕೊರೆಯುತ್ತದೆ. ಏರಿಯ ಒಳಮೈಗೆ ಕಲ್ಲು ಹೊದಿಸುವುದು ಅದಕ್ಕಾಗಿ.

ಇನ್ನು ಲೆಕ್ಕ. ಒಂದು ಘನ ಅಡಿ ನೀರಿನ ತೂಕ ಸುಮಾರು 28.3 ಕಿಲೋಗ್ರಾಂ. ನೀರು 4 ಅಡಿ ನಿಂತಾಗ ಒಡ್ಡಿನ ಒಂದೊಂದು ಅಡಿ ಉದ್ದದ ಮೇಲೆ ಬೀಳುವ ನೂಕುಬಲವು ಸುಮಾರು 226 ಕಿಲೋಗ್ರಾಂ ಭಾರಕ್ಕೆ ಸಮ. 8 ಅಡಿ ನಿಂತರೆ ಅದು ಇಮ್ಮಡಿಯಾಗದೆ ನಾಲ್ಮಡಿಯಾಗಿ, ಸುಮಾರು 906 ಕಿಲೋಗ್ರಾಂ ಆಗುವುದು. ಯಾತಕ್ಕೆಂದರೆ, ನೀರು ತಾಗುವ ಮೈಯೂ ಇಮ್ಮಡಿಯಾಯಿತು, ಸರಾಸರಿ ಒತ್ತಡವೂ ಇಮ್ಮಡಿಯಾಯಿತು. ಹೀಗಿರಲು ಬುಡವನ್ನು ಅಗಲಿಸದೆ ನೆತ್ತಿಯ ಮೇಲೆ ಮಾತ್ರ ಮಣ್ಣು ಪೇರಿಸಿ ಒಡ್ಡನ್ನು ಎತ್ತರಿಸುವುದು ಅಪಾಯಕರ. ಹಾವೇರಿ ಜಿಲ್ಲೆಯ ಮಾಸೂರಿನ ಬಳಿಯ ಪ್ರಾಚೀನ ಮದಗದ ಕೆರೆಯ ಏರಿಯನ್ನು ಕಂಡವರು ಅದರ ಬುಡದ ಅಗಾಧವಾದ ಅಗಲಕ್ಕೆ ಬೆರಗಾಗುತ್ತಾರೆ. ಅದು ವ್ಯರ್ಥವಾದ ದುಡಿಮೆಯಲ್ಲ.

ಒಡ್ಡು ಈ ಬಲವನ್ನು ತಡೆಯುವುದು ತನ್ನ ತೂಕದಿಂದಲೂ ನೆಲದೊಡನೆ ಇರುವ ತಿಕ್ಕಾಟದಿಂದಲೂ. ಮಣ್ಣಿನೊಳಕ್ಕೆ ನೀರು ಇಳಿದರೆ ಆ ಹಿಡಿತವು ಸಡಿಲುವುದು. ಎರೆಮಣ್ಣು ಬೇಸಿಗೆಯಲ್ಲಿ ಬಿರಿಯುವ ಕಾರಣ ಈ ಸೀಮೆಯಲ್ಲಿ ಎಚ್ಚರಿಕೆ ಹೆಚ್ಚು ಬೇಕು. ಬಿರುಕುಗಳನ್ನೂ ಇಲಿಬಿಲಗಳನ್ನೂ ಮುಂಗಾರಿಗೆ ಮುಂಚೆ ಅಗೆದು, ಹದವಾದ ತೇವದ ಮಣ್ಣನ್ನು ಅರ್ಧ ಅಡಿಯ ಪದರಗಳಾಗಿ ತುಂಬಿ, ದಿಮ್ಮಸಿನಿಂದ ಬಡಿಯತಕ್ಕದ್ದು. ಮೇಲೆ ಗರಸಿನ ಹೊದಿಕೆಯಿದ್ದರೆ ಎರೆಯು ಬೇಗನೆ ಒಣಗಿ ಬಿರಿಯದು.

ಕೋಡಿಯ ವಿಷಯವೊಂದು ಉಳಿಯಿತು. ಇನ್ನಷ್ಟು ನೀರು ನಿಲ್ಲಲೆಂದು ಕೋಡಿಯ ಬಾಯಿಗೆ ಮುಳ್ಳುಕಂಟಿ, ಮಣ್ಣು ತುಂಬುವವರುಂಟು. 8 ಅಡಿಯ ನೀರು 9 ಅಡಿಗೆ ಏರಿದರೆ ಒಂದೊಂದು ಅಡಿ ಉದ್ದಕ್ಕೆ ಹೆಚ್ಚುವ ಬಲವು ಸುಮಾರು 240 ಕಿಲೋಗ್ರಾಂ. ಎಂದರೆ 4 ಅಡಿ ನೀರಿನ ಇಡೀ ನೂಕುಬಲಕ್ಕಿಂತಲೂ ಅಧಿಕ. ಮೇಲಾಗಿ ಕೋಡಿಯಲ್ಲಿ ದಾರಿ ಕಾಣದ ನೀರು ನೆತ್ತಿಯ ಮೇಲೆಯೇ ಹರಿದು ಹೊರಮೈಯ ಮಣ್ಣನ್ನು ಕೊರೆಯತೊಡಗುವುದು. ಹಾಗೆ ಕೊರೆಯಲಾರಂಭಿಸಿದ ಒಡ್ಡನ್ನು ಸುರಿಯುವ ಮಳೆಯಲ್ಲಿ ಉಳಿಸಿಕೊಳ್ಳುವುದು ಬಹು ಕಷ್ಟ.