ದಾರಿ ಬಿಡುವ ರೈಲು

ಅಮೆರಿಕದ ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನದಲ್ಲಿ ಚಳಿಗಾಲ ಬಂತೆಂದರೆ ಹೆಚ್ಚಿನ ರಸ್ತೆಗಳು ಕಾರುಗಳಿಗೆ ಬಂದ್. ಹಿಮ ಮುಚ್ಚಿದ ಆ ರಸ್ತೆಗಳಲ್ಲಿ ಕಾಲಿಗೆ ಸ್ಕೀ ಪಟ್ಟಿ ಕಟ್ಟಿಕೊಂಡು ಜಾರುತ್ತ ಸಾಗುವವರೂ ಉಂಟು, ಹಿಮದ ಮೇಲೆ ಓಡುವ ಮೋಟಾರು ಬಂಡಿಗಳೂ ಉಂಟು. ಹಿಂದಿನಿಂದ ಸದ್ದು ಕೇಳಿದರೆ ಸ್ಕೀಯವನು ಅಂಚಿಗೆ ಸರಿಯುತ್ತಾನೆ. ಸ್ಕೀ ಸಾವಿರಾರು ವರ್ಷ ಹಳೆಯದು, ಮೋಟಾರು ಬಂಡಿ ಇಪ್ಪತ್ತನೆಯ ಶತಮಾನದ್ದು. ಆದರೂ ಸರಿಯಬೇಕಾದವನು ಹಳಬನೇ.

ಹಿಮ ಕಾಣದ ಕೆ.ಜಿ.ಎಫ್. ಜನರಿಗೂ ಈ ನ್ಯಾಯ ಹೊಸದಲ್ಲ. ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೋಗುವ ಪ್ಯಾಸೆಂಜರ್ ರೈಲಿನಲ್ಲಿ ಕುಳಿತವರನ್ನು ಕೇಳಬೇಕು.

ಜೋಲಾರಪೇಟೆ–ಬೆಂಗಳೂರು ಹಳಿ 1864ರದು. ಬೌರಿಂಗ್‌ಪೇಟೆ ಎನ್ನಿಸಿಕೊಂಡಿದ್ದ ಇಂದಿನ ಬಂಗಾರಪೇಟೆಯಿಂದ 1894ರಲ್ಲಿ ಚಿನ್ನದ ಗಣಿಗಳತ್ತ ಒಂದು ಕವಲು ಹೊರಟಿತು. ಕೋರಮಂಡಲ್, ಊರಿಗಾಂ, ಚಾಂಪಿಯನ್, ಕೊನೆಗೆ ಮಾರಿಕುಪ್ಪಂ. ಗಣಿಗೆ ಬೇಕಾದದ್ದನ್ನು ಒಳಕ್ಕೆ ತರಲೆಂದು ಹಾಕಿದ ಹಳಿ ಅದು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ಅದರ ಕೆಲಸ ತಿರುವುಮುರುವಾಯಿತು. ಈಗ ಊರಿನ ದುಡಿಮೆಯನ್ನೇ ಹೊರಕ್ಕೆ ಒಯ್ಯುತ್ತದೆ. ಸಾವಿರಾರು ಜನ ಕತ್ತಲಲ್ಲೇ ಹೊರಟು ಕತ್ತಲಾದ ಮೇಲೆ ಮರಳುತ್ತಾರೆ.

ಕಷ್ಟ ಶುರುವಾಗುವುದು ಬಂಗಾರಪೇಟೆಯ ನಂತರ. ಬೆಂಗಳೂರಿಗೆ ಇನ್ನೂ ಸುಮಾರು 70 ಕಿ.ಮೀ. ಚೆನ್ನೈ ಕಡೆಯ ಎಕ್ಸ್‌ಪ್ರೆಸ್‌ಗಳು, ಗೂಡ್ಸ್ ರೈಲುಗಳು, 2022ರ ನವೆಂಬರ್‌ನಿಂದ ವಂದೇ ಭಾರತ್ ಕೂಡ, ಎಲ್ಲಕ್ಕೂ ಅದೇ ಹಳಿ.

ಎಲ್ಲ ರೈಲೂ ನಿಧಾನವಾದರೆ ತೊಂದರೆಯಿಲ್ಲ, ಎಲ್ಲವೂ ವೇಗವಾದರೂ ಇಲ್ಲ. ಒಂದರ ಹಿಂದೊಂದು ಸಾಗುತ್ತವೆ. ಇಕ್ಕಟ್ಟಾಗುವುದು ವೇಗ ಬೇರೆ ಬೇರೆಯಾದಾಗ. ಲೆಕ್ಕಕ್ಕೆ, ಪ್ಯಾಸೆಂಜರ್‌ಗೆ ಎರಡು ಗಂಟೆಯ ದಾರಿ, ಎಕ್ಸ್‌ಪ್ರೆಸ್‌ಗೆ ಒಂದು ಗಂಟೆ ಎನ್ನೋಣ. ಅರ್ಧ ಗಂಟೆ ತಡವಾಗಿ ಹೊರಟ ಎಕ್ಸ್‌ಪ್ರೆಸ್ ಅರ್ಧ ದಾರಿಯಲ್ಲಿ ಪ್ಯಾಸೆಂಜರಿನ ಬೆನ್ನಿಗೆ ಬಂದುಬಿಡುತ್ತದೆ. ರಸ್ತೆಗಿರುವಂತೆ ಹಳಿಗೆ ಅಂಚಿಲ್ಲ. ಸರಿಯಬೇಕಾದರೆ ನಿಲ್ದಾಣದ ಲೂಪ್ ಲೈನೇ ಗತಿ. ಆದ್ದರಿಂದ ಎಕ್ಸ್‌ಪ್ರೆಸ್ ಇನ್ನೂ ದೂರವಿರುವಾಗಲೇ ಪ್ಯಾಸೆಂಜರನ್ನು ಪಕ್ಕದ ಹಳಿಗೆ ತಿರುಗಿಸುತ್ತಾರೆ. ಅದು ದಾಟಿ, ಮುಂದಿನ ಸೆಕ್ಷನ್ ಖಾಲಿಯಾಗಿ, ಸಿಗ್ನಲ್ ಸಿಗುವವರೆಗೆ ನಿಲ್ಲಿಸುತ್ತಾರೆ. ವೇಗದ ರೈಲು ಕಣ್ಣೆದುರು ಹಾಯುವುದು ಕೆಲವೇ ಸೆಕೆಂಡು. ಕಾಯುವುದು ಹಲವು ನಿಮಿಷ. ಆ ನಿಮಿಷಗಳಿಗೆ ಬೆಲೆ ತೆರುವವನು ಹೊತ್ತಿಗೆ ಸರಿಯಾಗಿ ಹಾಜರಿ ಹಾಕಬೇಕಾದ ಕಾರ್ಮಿಕ.

ದೂರದ ರೈಲೊಂದು ತಡವಾದರೆ ಮುಂದೆ ಹತ್ತಾರು ಕಡೆ ಲೆಕ್ಕ ತಪ್ಪುತ್ತದೆ ಎಂಬ ರೈಲ್ವೆಯ ವಾದವನ್ನೂ ತಳ್ಳಿಹಾಕಲಾಗದು. ನಿಜವಾದ ಪರಿಹಾರ ಬೇರೆ ಹಳಿ. ಬೆಂಗಳೂರು ದಂಡು–ವೈಟ್‌ಫೀಲ್ಡ್ ನಡುವೆ ನಾಲ್ಕು ಹಳಿಯ ಕಾಮಗಾರಿ ಕೈಗೆತ್ತಿಕೊಂಡಿರುವುದು ಇದಕ್ಕೇ. ಇತ್ತ ಮಾರಿಕುಪ್ಪಂನಿಂದ ಆಂಧ್ರದ ಕುಪ್ಪಂಗೆ ಹಳಿ ಜೋಡಿಸುವ ಯೋಜನೆಯೂ ಇದೆ. ಅದು ಮುಗಿದರೆ ಕವಲು ಕವಲಾಗಿ ಉಳಿಯದು. ದೂರದ ರೈಲುಗಳು ಊರಿಗಾಂ, ಚಾಂಪಿಯನ್ ಮೇಲೂ ಹಾಯಬಹುದು.