ಬಂಡೆಮನೆಗಳ ಕಾವಲಿಗೆ ನಿಂತ ಹೆಂಗಸರು

ಕೆಳಗೆ ಸೋಡಾ ಕಣಿವೆ, ಎದುರಿಗೆ 32 ಅಡಿಯ ಮರದ ಏಣಿ. ಅಮೆರಿಕದ ಕೊಲೊರಾಡೊ ರಾಜ್ಯದ ಮೆಸಾ ವರ್ಡೆ ರಾಷ್ಟ್ರೀಯ ಉದ್ಯಾನದಲ್ಲಿರುವ ‘ಬಾಲ್ಕನಿ ಹೌಸ್’ ನೋಡಬೇಕೆಂದರೆ ಈ ಏಣಿ ಹತ್ತಲೇಬೇಕು. ಹತ್ತಿದರೆ ಚಾಚಿಕೊಂಡ ಬಂಡೆಯ ಅಡಿಯಲ್ಲಿ ಸುಮಾರು 40 ಕೋಣೆಗಳ ಪುಟ್ಟದೊಂದು ಕೇರಿ. ಇಂದಿನ ಹೋಪಿ, ಝೂನಿ ಮುಂತಾದ ಪ್ವೆಬ್ಲೊ ಜನರ ಪೂರ್ವಿಕರು 13ನೇ ಶತಮಾನದಲ್ಲಿ ಕಟ್ಟಿದ್ದು.

ಗೋಡೆಯಿಂದ ಹೊರಬಂದ ತೊಲೆಗಳ ಹತ್ತಿರ ನಿಂತು ನೋಡಿ. ತೊಲೆಯ ಮೇಲೆ ಕಡ್ಡಿ, ಕಡ್ಡಿಯ ಮೇಲೆ ತೊಗಟೆ, ಅದರ ಮೇಲೆ ಮೆತ್ತಿದ ಮಣ್ಣು. ಮೇಲಂತಸ್ತಿನ ಒಂದು ಕೋಣೆಯಿಂದ ಇನ್ನೊಂದಕ್ಕೆ ಓಡಾಡಲು ಮಾಡಿಕೊಂಡ ಈ ಜಗಲಿಯೇ ಬಾಲ್ಕನಿ. ಮುಂದೆ ಅಂಗಳದಲ್ಲಿ ನೆಲ ತೋಡಿ ಕಟ್ಟಿದ ಎರಡು ದುಂಡು ಕೋಣೆಗಳು. ಇವು ‘ಕಿವಾ’, ಪೂಜೆ ಪಂಚಾಯಿತಿಯ ಜಾಗ. ಬಂಡೆಯ ಬುಡದಲ್ಲಿ ಒರತೆಯಿದೆ. ಮೇಲಿನ ಬಯಲಿನಲ್ಲಿ ಮೆಕ್ಕೆಜೋಳ, ಬೀನ್ಸ್, ಕುಂಬಳ ಬೆಳೆಯುತ್ತಿದ್ದರು. 1276ರಿಂದ ಎರಡು ದಶಕ ಬಿಡದೆ ಕಾಡಿದ ಬರದಲ್ಲಿ ಊರು ಬಿಟ್ಟು ದಕ್ಷಿಣಕ್ಕೆ ಹೋದರು.

ಹತ್ತೊಂಬತ್ತನೇ ಶತಮಾನದ ಕೊನೆಗೆ ಇಲ್ಲಿ ಲೂಟಿ ನಡೆಯಿತು. ಮಡಕೆ, ಬುಟ್ಟಿ, ಕೊನೆಗೆ ಹೆಣಗಳನ್ನೂ ಅಗೆದು ಸಾಗಿಸಿದರು. ತಡೆಯಲು ಕಾನೂನೇ ಇರಲಿಲ್ಲ. ಆಗ ಎದ್ದುನಿಂತವರು ವರ್ಜಿನಿಯಾ ಮೆಕ್ಲರ್ಗ್. 1882ರಲ್ಲಿ ಪತ್ರಿಕೆಯ ವರದಿಗೆಂದು ಬಂದು ಈ ಬಂಡೆಮನೆಗಳಿಗೆ ಮನಸೋತವರು. 1900ರಲ್ಲಿ ಲೂಸಿ ಪೀಬಾಡಿ ಮತ್ತಿತರ ಹೆಂಗಸರನ್ನು ಸೇರಿಸಿಕೊಂಡು ‘ಕೊಲೊರಾಡೊ ಕ್ಲಿಫ್ ಡ್ವೆಲಿಂಗ್ಸ್ ಅಸೋಸಿಯೇಷನ್’ ಕಟ್ಟಿದರು. ಕಾಪಾಡಬೇಕಾದ ಬಂಡೆಮನೆಗಳ ಹೆಸರನ್ನೇ ಸಂಘಕ್ಕಿಟ್ಟರು. ಊರೂರಲ್ಲಿ ಭಾಷಣ, ಪತ್ರಗಳ ಸುರಿಮಳೆ, ವಾಷಿಂಗ್ಟನ್ನಿಗೆ ಅಲೆದಾಟ. ಕೊಲೊರಾಡೊದ ಹೆಂಗಸರಿಗೆ 1893ರಲ್ಲೇ ಮತದ ಹಕ್ಕು ಸಿಕ್ಕಿತ್ತು. ಆ ಧೈರ್ಯ ಇವರ ಕೆಲಸದಲ್ಲಿ ಕಾಣುತ್ತದೆ.

ಕೊನೆಗಳಿಗೆಯಲ್ಲಿ ಸಂಘ ಒಡೆಯಿತು. ಉಸ್ತುವಾರಿ ಹೆಂಗಸರ ಕೈಯಲ್ಲೇ ಇರಲಿ ಎಂದರು ಮೆಕ್ಲರ್ಗ್. ರಾಷ್ಟ್ರೀಯ ಉದ್ಯಾನವೇ ಆಗಲಿ ಎಂದರು ಪೀಬಾಡಿ. 1906ರ ಜೂನ್ 29ರಂದು ಅಧ್ಯಕ್ಷ ಥಿಯೊಡೋರ್ ರೂಸ್ವೆಲ್ಟ್ ಉದ್ಯಾನದ ಮಸೂದೆಗೆ ಸಹಿ ಹಾಕಿದಾಗ ಪೀಬಾಡಿಯವರ ಮಾತು ಗೆದ್ದಿತ್ತು. ಸರಿಯಾದ ದಾರಿ ಅದೇ ಎಂದು ನನ್ನ ನಂಬಿಕೆ. ಆದರೆ ಸೋತ ಬಣ ಕೈಕಟ್ಟಿ ಕೂರಲಿಲ್ಲ: 1910ರಲ್ಲಿ ಇದೇ ಬಾಲ್ಕನಿ ಹೌಸಿನ ಗೋಡೆಗಳನ್ನು ಪುರಾತತ್ವಜ್ಞ ಜೆಸ್ಸಿ ನುಸ್ಬಾಮ್ ಭದ್ರಪಡಿಸಿದ್ದು ಸಂಘದ ದುಡ್ಡಿನಲ್ಲಿ. ಈ ಸೀಮೆ ಯೂಟ್ ಬುಡಕಟ್ಟಿನದು, ಅವರಿಂದ ಇನ್ನಷ್ಟು ನೆಲ ಪಡೆದೇ ಉದ್ಯಾನ ಬೆಳೆಯಿತು ಎಂಬುದನ್ನೂ ಈ ಕಥೆಯೊಂದಿಗೇ ಹೇಳಬೇಕು.

ಹೊರಬರುವಾಗ 12 ಅಡಿ ಉದ್ದ, 18 ಅಂಗುಲ ಅಗಲದ ಕಿಂಡಿಯಲ್ಲಿ ಅಂಬೆಗಾಲಿಟ್ಟು ತೆವಳಬೇಕು. ರೇಂಜರ್ ಜೊತೆಯಲ್ಲದೆ ಒಳಗೆ ಬಿಡುವುದಿಲ್ಲ. ಟಿಕೆಟ್ ಮೊದಲೇ ಕೊಳ್ಳಿ, ಚಳಿಗಾಲದಲ್ಲಿ ಹೋಗಬೇಡಿ. ಮಂಡಿನೋವಿನವರು ಸೋಡಾ ಕ್ಯಾನ್ಯನ್ ಓವರ್‌ಲುಕ್ ಕಾಲುದಾರಿ ಹಿಡಿದರೆ ಇಡೀ ಕೇರಿ ದೂರದಿಂದ ಕಾಣುತ್ತದೆ.