ಕಿಣ್ವ ಚಿಕಿತ್ಸೆಯೂ ಘಟ್ಟದ ಮೇಲಿನ ತಾಲೂಕುಗಳೂ

ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಗಳಲ್ಲಿ ಮಗುವಿನ ಹೊಟ್ಟೆ ಉಬ್ಬಿದರೆ ಹುಳುವಿನ ಬಾಧೆಯೆಂದೂ, ಎಲುಬು ನೋಯುತ್ತಿದ್ದರೆ ವಾಯುವೆಂದೂ ಹೇಳಿ ಸಮಾಧಾನ ತಾಳುವುದುಂಟು. ಬಹುತೇಕ ಇದರಿಂದ ಕೇಡಿಲ್ಲ. ಆದರೆ ಯಕೃತ್ತು, ಪ್ಲೀಹಗಳು ಬೆಳೆದು, ರಕ್ತ ಕ್ಷೀಣಿಸಿ, ಮಗು ದಿನೇ ದಿನೇ ಸೊರಗುತ್ತಿದ್ದರೆ ಅಲ್ಲಿ ಹುಟ್ಟಿನೊಡನೆ ಬಂದ ವಿರಳ ರೋಗವಿರಬಹುದೆಂಬುದನ್ನು ವಾಚಕರು ಮರೆಯಲಾಗದು.

ನಮ್ಮ ಜೀವಕೋಶಗಳಲ್ಲಿ ಲೈಸೋಸೋಮ್ ಎಂಬ ಸಣ್ಣ ಚೀಲಗಳಿವೆ. ಬೆಲ್ಜಿಯಮ್ಮಿನ ಕ್ರಿಶ್ಚಿಯನ್ ದ ದೂವ್ ಎಂಬ ವಿಜ್ಞಾನಿ 1955ರಲ್ಲಿ ಇವನ್ನು ಲೋಕಕ್ಕೆ ತಿಳಿಸಿದನು. ಸವೆದ ಪದಾರ್ಥಗಳನ್ನು ಕಿಣ್ವಗಳಿಂದ ಒಡೆದು ಹಾಕುವುದು ಇವುಗಳ ಕೆಲಸ. ಒಂದು ಕಿಣ್ವ ಇಲ್ಲದಿದ್ದರೂ ಕಸ ತುಂಬಿ ಅಂಗಾಂಗಗಳು ಕೆಡುತ್ತವೆ. ಗೋಶೆ, ಪೊಂಪೆ, ಹರ್ಲರ್ ರೋಗಗಳು ಈ ಜಾತಿಯವು. ತಂದೆತಾಯಿಗಳಿಬ್ಬರೂ ಆರೋಗ್ಯವಂತರಾಗಿದ್ದೂ ದೋಷಬೀಜವನ್ನು ಹೊತ್ತಿದ್ದರೆ, ಪ್ರತಿಯೊಂದು ಬಸಿರಿನಲ್ಲಿಯೂ ರೋಗದ ಸಂಭವ ನಾಲ್ಕರಲ್ಲಿ ಒಂದು. ಹತ್ತಿರದ ರಕ್ತಸಂಬಂಧದಲ್ಲಿ ಮದುವೆಯಾದಾಗ ಈ ಸಂಭವ ಹೆಚ್ಚುತ್ತದೆ. ಹೆತ್ತವಳೊಬ್ಬಳನ್ನೇ ದೂರುವುದು ಅಜ್ಞಾನವೂ ಹೌದು, ಅನ್ಯಾಯವೂ ಹೌದು.

ಗೋಶೆ ರೋಗಕ್ಕೆ ಕಿಣ್ವವನ್ನೇ ಔಷಧವಾಗಿ ಕೊಡುವ ಚಿಕಿತ್ಸೆಗೆ ಅಮೇರಿಕೆಯಲ್ಲಿ 1991ರಲ್ಲಿ ಮನ್ನಣೆ ದೊರೆಯಿತು. ಮೊದಲು ಅದನ್ನು ಮಾನವರ ಮಾಸಿನಿಂದ ತೆಗೆಯುತ್ತಿದ್ದರು. 1994ರಿಂದ ಜೀವಕೋಶಗಳನ್ನು ಸಾಕಿ ತಯಾರಿಸಲಾಯಿತು. ವಾರಕ್ಕೊಮ್ಮೆ ಅಥವಾ ಎರಡು ವಾರಕ್ಕೊಮ್ಮೆ, ಜೀವನಪರ್ಯಂತ, ರಕ್ತನಾಳದೊಳಗೆ ಇದನ್ನು ಹನಿಸಬೇಕು. ಆದರೂ ರಕ್ತದ ಮೂಲಕ ಹೋದ ಕಿಣ್ವ ಮಿದುಳನ್ನು ಸೇರದು. ಈ ಮಿತಿಯನ್ನು ವೈದ್ಯರು ಮೊದಲೇ ಹೇಳಬೇಕು.

ಔಷಧವು ಸಂಜೀವಿನಿಯೇ ಆದರೂ ವಿಧಿ ತಪ್ಪಿದರೆ ಅಪಾಯ ತಪ್ಪದು. ಅಪರಿಚಿತವಾದ ಈ ಪದಾರ್ಥವನ್ನು ಶರೀರ ಎದುರಿಸಿದಾಗ ಚಳಿ, ಜ್ವರ, ಮೈದದ್ದು ಕಾಣಿಸಬಹುದು. ಒಮ್ಮೊಮ್ಮೆ ಉಸಿರೇ ಕಟ್ಟಬಹುದು. ಆದುದರಿಂದ ಅಡ್ರಿನಲಿನ್, ಆಮ್ಲಜನಕ, ನುರಿತ ವೈದ್ಯರು ಇಲ್ಲದಲ್ಲಿ ಈ ಔಷಧವನ್ನು ಮುಟ್ಟಲೇಕೂಡದು. ಪ್ರಮಾಣವನ್ನು ಅಂದಂದಿನ ತೂಕದ ಮೇಲೆ ನಿರ್ಣಯಿಸಬೇಕು. ಸೀಸೆಗಳನ್ನು 2ರಿಂದ 8 ಡಿಗ್ರಿ ಸೆಂಟಿಗ್ರೇಡ್ ಶೈತ್ಯದಲ್ಲಿಡಬೇಕು, ಹೆಪ್ಪುಗಟ್ಟಿಸಲಾಗದು, ಕುಲುಕಲಾಗದು. ಕೆಮ್ಮು ಜ್ವರಗಳಿದ್ದರೆ ಸೂಜಿ ಚುಚ್ಚುವ ಮೊದಲೇ ವೈದ್ಯರಿಗೆ ಅರುಹಬೇಕು. ಊರಿನ ಕಡೆಯ ಬಸ್ಸು ತಪ್ಪೀತೆಂದು ಹನಿಯ ವೇಗವನ್ನು ಹೆಚ್ಚಿಸಲು ಯಾರೂ ಒತ್ತಾಯಿಸಬಾರದು.

ಈಗ ನಮ್ಮ ಮುಖ್ಯ ಮಾತು. 2021ರ ರಾಷ್ಟ್ರೀಯ ವಿರಳ ರೋಗ ನೀತಿಯಂತೆ ನಿಯೋಜಿತ ಕೇಂದ್ರಗಳಲ್ಲಿ ರೋಗಿಯೊಬ್ಬನಿಗೆ 50 ಲಕ್ಷ ರೂಪಾಯಿಗಳವರೆಗೆ ನೆರವುಂಟು. ನಮ್ಮ ನಾಡಿನಲ್ಲಿ ಆ ಕೇಂದ್ರವಿರುವುದು ಬೆಂಗಳೂರಿನಲ್ಲಿ. ಶಿರಸಿಯಿಂದ ಅಲ್ಲಿಗೆ ಸುಮಾರು 400 ಕಿಲೋಮೀಟರು. ಎರಡು ವಾರಕ್ಕೊಮ್ಮೆ ಹೋಗಿಬಂದರೆ ವರ್ಷಕ್ಕೆ 20 ಸಾವಿರ ಕಿಲೋಮೀಟರು ಮೀರುತ್ತದೆ! ಅಡಿಕೆ ತೋಟದ ಕೂಲಿಯವನು ಇದನ್ನು ಹೇಗೆ ನಿಭಾಯಿಸಿಯಾನು? ಜಿಲ್ಲೆಯ ವೈದ್ಯಕೀಯ ಕಾಲೇಜು ಘಟ್ಟದ ಕೆಳಗೆ ಕಾರವಾರದಲ್ಲಿದೆ. 2021ರ ಜುಲೈಯಲ್ಲಿ ಅರಬೈಲ ಘಟ್ಟ ಕುಸಿದಾಗ ಯಲ್ಲಾಪುರದವರಿಗೆ ಆ ದಾರಿಯೂ ಮುಚ್ಚಿತ್ತು.

ಆದುದರಿಂದ ಸರಕಾರಕ್ಕೆ ನಮ್ಮ ಸೂಚನೆಯಿದು. ಮೊದಲ ಸರದಿಗಳು ಬೆಂಗಳೂರಿನಲ್ಲಿಯೇ ನಡೆಯಲಿ. ಅವು ನಿರ್ವಿಘ್ನವಾಗಿ ಕಳೆದು ತಜ್ಞರು ಒಪ್ಪಿದ ಮೇಲೆ ಶಿರಸಿಯ ಸರಕಾರಿ ಆಸ್ಪತ್ರೆಯಲ್ಲಿ ಮುಂದುವರಿಯಲಿ. ವಿದ್ಯುತ್ತು ಹೋದರೂ ನಿಲ್ಲದ ಶೀತಪೆಟ್ಟಿಗೆ, ತರಬೇತಿ ಪಡೆದ ದಾದಿ, ಬೆಂಗಳೂರಿನ ತಜ್ಞರೊಡನೆ ದೂರವಾಣಿ ಸಂಪರ್ಕ, ಇವಿಷ್ಟನ್ನು ಮೊದಲು ಸಿದ್ಧಪಡಿಸಬೇಕು. ಸಿದ್ಧತೆಯಿಲ್ಲದೆ ಆರಂಭಿಸುವುದು ಬೇಡ. ಇನ್ನು ಧನದ ಮಾತು: ಮಗು ಬೆಳೆದಂತೆ ಔಷಧದ ಪ್ರಮಾಣ ಏರುತ್ತದೆ, ನೆರವಿನ ಮಿತಿ ಮಾತ್ರ ಏರದು. ಆಯುಷ್ಯವಿಡೀ ಬೇಕಾದ ಔಷಧವನ್ನು ನಡುದಾರಿಯಲ್ಲಿ ನಿಲ್ಲಿಸುವುದು ಕೈಹಿಡಿದು ಹೊಳೆಯ ನಡುವೆ ಬಿಟ್ಟಂತೆ.

ಇದಕ್ಕೆ ಶಾಶ್ವತ ಪರಿಹಾರ ಸ್ವದೇಶಿ ತಯಾರಿಕೆಯೇ. ಪ್ರಾಯದವರ ಗೋಶೆ ರೋಗಕ್ಕೆ ನುಂಗುವ ಎಲಿಗ್ಲುಸ್ಟಾಟ್ ಗುಳಿಗೆಯನ್ನು ನಮ್ಮ ದೇಶದಲ್ಲಿಯೇ ತಯಾರಿಸಿದ್ದರಿಂದ, ಕೋಟಿಗಳಲ್ಲಿದ್ದ ವಾರ್ಷಿಕ ವೆಚ್ಚ ಕೆಲವು ಲಕ್ಷಗಳಿಗೆ ಇಳಿಯಿತೆಂದು 2023ರಲ್ಲಿ ಕೇಂದ್ರ ಸರಕಾರವೇ ಸಾರಿತು. ಗುಳಿಗೆಗೆ ಸಾಧ್ಯವಾದುದನ್ನು ಕಿಣ್ವಕ್ಕೂ ಸಾಧಿಸಲು ಯತ್ನಿಸಬೇಕು. ರೋಗಿಗಳ ಸಂಖ್ಯೆ ಅಲ್ಪವೆಂಬುದು ಅವರನ್ನು ಕೈಬಿಡಲು ಕಾರಣವಾಗಲಾರದು.